ಒಂದೇ ಅವ್ವನ ಮಕ್ಕಳು, ತಮ್ಮನಿಗೆ ಮಾತ್ರ ಹೆಪಟೈಟಿಸ್ ಬಿ ಯಾಕೆ ಉಳಿಯಿತು?

ನವಲಗುಂದದವ:
ಹುಬ್ಬಳ್ಳಿಯಲ್ಲಿ ರಕ್ತ ಕೊಟ್ಟು ಬಂದ ತಮ್ಮನಿಗೆ ಬ್ಲಡ್ ಬ್ಯಾಂಕಿನಿಂದ ಫೋನ್ ಬಂತು. ಲಿವರಿಗೆ ತಗುಲುವ ಹೆಪಟೈಟಿಸ್ ಬಿ ವೈರಸ್ ಪಾಸಿಟಿವ್. ಮನೆಮಂದಿಯೆಲ್ಲ ಟೆಸ್ಟ್ ಮಾಡಿಸಿದೆವು. ಅವ್ವನಿಗೂ ಇದೆ. ನನ್ನ ರಿಪೋರ್ಟಿನಲ್ಲಿ ಎಚ್‌ಬಿಎಸ್‌ಎಜಿ (ವೈರಸ್ ಈಗ ಇದೆಯಾ ಅಂತ ನೋಡುವುದು) ನೆಗೆಟಿವ್, ಕೆಳಗೆ ಆಂಟಿ-ಎಚ್‌ಬಿಸಿ ಟೋಟಲ್ (ಎಂದಾದರೂ ತಗುಲಿತ್ತಾ ಅಂತ ನೋಡುವುದು) ಪಾಸಿಟಿವ್. ಅಂದರೆ ನನಗೂ ಬಂದು ಹೋಗಿದೆಯಂತೆ. ಕಾಮಣಿ ಆದ ನೆನಪೇ ಇಲ್ಲ.

ತಮ್ಮನಿಗೆ ಹೆಣ್ಣು ನೋಡುತ್ತಿದ್ದೇವೆ. ದೊಡ್ಡಪ್ಪ ಹೆಣ್ಣಿನವರ ಮುಂದೆಯೇ "ನಮ್ಮ ಮನೆತನದ ರಕ್ತಾನ ಹಂಗೈತಿ" ಅಂದುಬಿಟ್ಟರು! ಇದು ವಂಶದಲ್ಲಿ ಬರುವುದಾ? ಜೀನ್ ಟೆಸ್ಟ್ ಮಾಡಿಸಬೇಕಾ?

ಲ್ಯಾಬಿನ ಅಕ್ಕ, ಹುಬ್ಬಳ್ಳಿ:
ಅಣ್ಣಾರ, ದೊಡ್ಡಪ್ಪನವರ ಮಾತು ಮೊದಲು ಬಿಡಿ. ಈ ವೈರಸ್ ವಂಶದಿಂದ ಬರುವುದಿಲ್ಲ. ರಕ್ತದಿಂದ, ಹೆರಿಗೆ ಹೊತ್ತಿನಲ್ಲಿ ತಾಯಿಯಿಂದ, ಗಂಡ-ಹೆಂಡತಿ ಸಂಬಂಧದಿಂದ ಬರುತ್ತದೆ. ಉಳಿಯುತ್ತದೋ ಹೋಗುತ್ತದೋ ಅನ್ನುವುದರಲ್ಲಿ ವಯಸ್ಸಿನದೇ ದೊಡ್ಡ ಪಾಲು. ಹುಟ್ಟುವಾಗ ತಗುಲಿದರೆ ನೂರರಲ್ಲಿ ಸುಮಾರು 90 ಮಕ್ಕಳಲ್ಲಿ ಉಳಿದುಬಿಡುತ್ತದೆ. ದೊಡ್ಡವರಾದ ಮೇಲೆ ತಗುಲಿದರೆ ನೂರರಲ್ಲಿ 5 ಮಂದಿಯಲ್ಲೂ ಉಳಿಯುವುದಿಲ್ಲ. ತಮ್ಮನಿಗೆ ಹುಟ್ಟುವಾಗಲೇ, ನಿಮಗೆ ಆಮೇಲೆ ಬಂದಿರಬಹುದು.

ಜೀನಿನ ಕೈವಾಡವೂ ಇದೆ. ವೈರಸ್ಸಿನ ತುಣುಕು ಹಿಡಿದು ಬಿಳಿ ರಕ್ತಕಣಗಳಿಗೆ ತೋರಿಸುವುದು ಎಚ್‌ಎಲ್‌ಎ ಜೀನುಗಳ ಕೆಲಸ. ಕೆಲವರದು ಈ ವೈರಸ್ಸನ್ನು ಚೆನ್ನಾಗಿ ಹಿಡಿಯುತ್ತದೆ, ಕೆಲವರದು ಅಷ್ಟಕ್ಕಷ್ಟೆ. 1995ರಲ್ಲಿ ಆಫ್ರಿಕಾದ ಗ್ಯಾಂಬಿಯಾದಲ್ಲಿ, 2009ರಲ್ಲಿ ಜಪಾನಿನಲ್ಲಿ ಇದು ಕಂಡುಬಂತು. ಅಪ್ಪ-ಅವ್ವ ಇಬ್ಬರಿಂದ ಬಂದ ಈ ಜೀನುಗಳು ಒಡಹುಟ್ಟಿದವರಲ್ಲಿ ಪೂರ್ತಿ ಹೊಂದುವುದು ನಾಲ್ಕರಲ್ಲಿ ಒಂದು ಸಲ ಮಾತ್ರ. ಹಾಗಾಗಿ ನೀವು, ತಮ್ಮ ಬೇರೆ ಬೇರೆ ಇದ್ದರೆ ಆಶ್ಚರ್ಯವಿಲ್ಲ.

ಗದಗಿನ ಹುಡುಗ:
ನಮ್ಮಪ್ಪನದು ಹೆಪಟೈಟಿಸ್ ಸಿ, ಲಿವರಿನ ಇನ್ನೊಂದು ವೈರಸ್. ಆಗ ಇಂಟರ್‌ಫೆರಾನ್ ಇಂಜೆಕ್ಷನ್ ಕಾಲ. ಡಾಕ್ಟರು ಐಎಲ್28ಬಿ ಅಂತ ಜೀನ್ ಟೆಸ್ಟ್ ಬರೆದರು. ಆ ಜೀನಿನಲ್ಲಿ 'ಸಿಸಿ' ನಮೂನೆ ಬಂದರೆ ಇಂಜೆಕ್ಷನ್ ಹತ್ತುವುದು ಜಾಸ್ತಿ. ಅಪ್ಪನದು 'ಸಿಟಿ' ಬಂತು. ವಾರಕ್ಕೊಮ್ಮೆ ಚುಚ್ಚಿಸಿಕೊಂಡು ಚಳಿಜ್ವರದಲ್ಲಿ ಕೌದಿ ಹೊದ್ದು ಮಲಗುತ್ತಿದ್ದರು. ಆದರೂ ವೈರಸ್ ಹೋಗಲಿಲ್ಲ. ಮುಂದೆ ಸೋಫೋಸ್ಬುವಿರ್ ಸೇರಿದ ಗುಳಿಗೆ ಬಂತು. 12 ವಾರ ನುಂಗಿದರು, ಹೋಯಿತು. ಈಗ ಆ ಜೀನ್ ಟೆಸ್ಟನ್ನು ಯಾರು ಕೇಳುತ್ತಾರೆ? ಸುಮ್ನೆ ರೊಕ್ಕ ಹಾಕಬೇಡಿ.

ನವಲಗುಂದದವ:
ಸರಿ ಅಕ್ಕಾರ. ಹೆಣ್ಣಿನವರಿಗೆ ಏನು ಹೇಳಲಿ?

ಲ್ಯಾಬಿನ ಅಕ್ಕ, ಹುಬ್ಬಳ್ಳಿ:
ಇದ್ದದ್ದನ್ನು ಇದ್ದಂಗೆ ಹೇಳಿ. ಹುಡುಗಿಗೆ ಮೊದಲು ಟೆಸ್ಟ್. ನೆಗೆಟಿವ್ ಇದ್ದು ರಕ್ಷಣೆಯೂ ಇಲ್ಲದಿದ್ದರೆ ಮೂರು ಡೋಸ್ ಲಸಿಕೆ: ಈಗೊಂದು, ಒಂದು ತಿಂಗಳಾದ ಮೇಲೊಂದು, ಆರನೇ ತಿಂಗಳಿಗೊಂದು. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ಆಂಟಿ-ಎಚ್‌ಬಿಎಸ್ (ರಕ್ಷಣೆ ಬಂದಿದೆಯಾ ಅಂತ ನೋಡುವ ಟೆಸ್ಟ್) ನೋಡಿಸಿ, 10 mIU/mlಗೆ ಕಡಿಮೆ ಇರಬಾರದು. ಕೆಲವರಿಗೆ ಲಸಿಕೆ ಹತ್ತುವುದೇ ಇಲ್ಲ, ಅದರಲ್ಲೂ ಎಚ್‌ಎಲ್‌ಎ ಪಾತ್ರವಿದೆ. ಅಂಥವರಿಗೆ ಇನ್ನೊಂದು ಸುತ್ತು ಕೊಡುತ್ತಾರೆ.

ಜೀನ್ ಟೆಸ್ಟ್ ಬೇಡ. ತಮ್ಮನಿಗೂ ಅವ್ವನಿಗೂ ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ), ಎಸ್‌ಜಿಪಿಟಿ (ಲಿವರಿನ ರಕ್ತಪರೀಕ್ಷೆ), ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿ. 2018ರಲ್ಲಿ ಶುರುವಾದ ಕೇಂದ್ರದ ಕಾರ್ಯಕ್ರಮದಲ್ಲಿ ಬಿ, ಸಿ ಎರಡಕ್ಕೂ ಔಷಧಿ ಪುಕ್ಕಟೆ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.