ಜೂನ್ ಬೇಡ ತಮ್ಮಾ, ಡಿಸೆಂಬರಿಗೆ ಬಾ

ತಮ್ಮಾ, ನೀನು ನಿನ್ನೆ ರಾತ್ರಿ ಮನೆಯವರ ಮೊಬೈಲ್ ಗುಂಪಿಗೆ ಹಾಕಿದ ಮಾತನ್ನು ಕೇಳಿದೆ. ಒಂದೊಂದೇ ಅಕ್ಷರ ಒತ್ತುತ್ತಾ ಕೂತರೆ ನನ್ನ ಮಧ್ಯಾಹ್ನದ ಅಡುಗೆ ತಪ್ಪುತ್ತದೆ, ಆದ್ದರಿಂದ ಮಾತಿನಲ್ಲೇ ಹೇಳಿ ಮುಗಿಸುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಬೇಸರಪಡದೆ ಎಲ್ಲರೂ ಕೇಳಿಸಿಕೊಳ್ಳಿ. ಅಪ್ಪಯ್ಯ ಈ ಗುಂಪಿನಲ್ಲಿಲ್ಲ ಎನ್ನುವುದೊಂದು ಪುಣ್ಯ. ಅಮ್ಮಾ, ನೀನು ಕೇಳುವಾಗ ದಯಮಾಡಿ ಸ್ಪೀಕರ್ ಹಾಕಬೇಡ.

ಅವನ ಮಾತು ಕೇಳದೇ ಇದ್ದವರಿಗೆ ಹೇಳುತ್ತೇನೆ. ಅಪ್ಪಯ್ಯನಿಗೆ ಈ ವರ್ಷ 75 ತುಂಬುತ್ತದೆ. ತಮ್ಮ ನ್ಯೂಜೆರ್ಸಿಯಿಂದ ಜೂನ್ ತಿಂಗಳಲ್ಲಿ ಬರುತ್ತಾನಂತೆ. ಮೂರನೆಯ ಭಾನುವಾರ ಅಪ್ಪಂದಿರ ದಿನ. ಅಂದು ನಮ್ಮ ಹಿತ್ತಲಿನಲ್ಲೇ ಮೇಜು ಕುರ್ಚಿ ಹಾಕಿಸಿ, ಸಾಗರ ಪೇಟೆಯಿಂದ ಕೇಟರಿಂಗ್‌ನವರನ್ನು ಕರೆಸಿ, 60 ಜನಕ್ಕೆ ಬಫೆ ಊಟ. ಅಪ್ಪಯ್ಯನನ್ನು ಅಲಂಕಾರದ ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸುವುದು, ಹಿಂದುಗಡೆ ಒಂದು ಫ್ಲೆಕ್ಸ್. ಊಟ ಹಾಕಬೇಕೆನ್ನುವ ಮನಸ್ಸು ಬಂತಲ್ಲ, ಅದಕ್ಕೆ ನನಗೆ ನಿಜವಾಗಿಯೂ ಖುಷಿಯಾಗಿದೆ. ಹಿತ್ತಲಿಗೂ ನನ್ನ ಒಪ್ಪಿಗೆ ಇದೆ. ಉಳಿದದ್ದಕ್ಕೆಲ್ಲ ತಕರಾರಿದೆ.

ನಿನ್ನ ಊರಿನ ಜೂನ್ ಬೇರೆ, ನಮ್ಮ ಜೂನ್ ಬೇರೆ. ನೀವು ಅಲ್ಲಿ ಮನೆಯ ಹಿಂದೆ ಗ್ರಿಲ್ ಹೊತ್ತಿಸಿ, ರಾತ್ರಿ ಎಂಟು ಗಂಟೆಯ ಬೆಳಕಿನಲ್ಲಿ ಊಟ ಮಾಡುತ್ತೀರಿ. ಇಲ್ಲಿ ಆ ಭಾನುವಾರವೆಂದರೆ ಮೃಗಶಿರಾ ಮಳೆ ಮುಗಿದು ಆರಿದ್ರಾ ಹಿಡಿಯುವ ಹೊತ್ತು. ಬಚ್ಚಲಿನ ಹಿಂದಿನ ಬಸಳೆ ಚಪ್ಪರದಿಂದ ಹಲಸಿನ ಮರದವರೆಗೆ ಕಾಲಿಟ್ಟಲ್ಲೆಲ್ಲ ರಕ್ತ ಹೀರುವ ಉಂಬಳ. ನಿನ್ನ ಮಗಳು ಒಂದು ಉಂಬಳ ಕಂಡರೆ ಮತ್ತೆ ಊರಿನ ಹೆಸರೆತ್ತಲಾರಳು. ಶಾಮಿಯಾನ ಹಾಕಿಸೋಣ ಎನ್ನುತ್ತೀಯ. ಮೇಲಿನ ನೀರನ್ನು ಶಾಮಿಯಾನ ತಡೆದೀತು, ಹಿಂದಿನ ಧರೆಯ ದಿಬ್ಬದಿಂದ ಇಳಿದು ಬರುವ ನೀರಿಗೆ ಏನು ಮಾಡುತ್ತೀಯ?

ಸರಿ, ಅಂದು ಮಳೆ ಬಿಟ್ಟು ಹೊಳವಾಯಿತು ಎಂದೇ ಇಟ್ಟುಕೋ. ಆಗ ಇನ್ನೂ ಕಷ್ಟ! ಜೂನ್‌ನಲ್ಲಿ ಹೊಳವು ಸಿಕ್ಕಿತೆಂದರೆ ಅಪ್ಪಯ್ಯನಿಗೆ ಅದು ಅಡಿಕೆ ತೋಟಕ್ಕೆ ಔಷಧಿ ಹೊಡೆಸುವ ದಿನ. ಕೊಳೆರೋಗ ಹಬ್ಬಿದರೆ ವರ್ಷದ ಬೆಳೆಯೇ ಉದುರುತ್ತದೆ ಎನ್ನುವುದು ನಿನಗೆ ಹೇಳಿಕೊಡಬೇಕಾದ ವಿಷಯವಲ್ಲ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಈ ಲೆಕ್ಕ ಔಷಧಿ ಹೊಡೆಯುವವರಿಗೂ ಬಾಯಿಪಾಠ. ಆದರೂ ಬೋರ್ಡೋ ದ್ರಾವಣವೆಂಬ ಆ ಔಷಧಿಯನ್ನು ಅಪ್ಪಯ್ಯನೇ ನಿಂತು ಕದಡಿಸಬೇಕು, ಕತ್ತಿಯ ಅಲಗನ್ನು ಅದ್ದಿ ನೋಡಬೇಕು, ಅಲಗಿಗೆ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಬೆರೆಸಬೇಕು. ನಿನ್ನ ಅಲಂಕಾರದ ಕುರ್ಚಿಯಲ್ಲಿ ಆ ದಿನ ಕೂರುವವರು ಯಾರು? ಫ್ಲೆಕ್ಸಿನ ಮುಂದೆ ನಾವೇ ನಿಂತು ಫೋಟೋ ತೆಗೆಸಿಕೊಳ್ಳಬೇಕು, ಅಪ್ಪಯ್ಯ ತೋಟದಲ್ಲಿ.

ಅಪ್ಪಂದಿರ ದಿನ ತಪ್ಪಿಹೋಗುತ್ತದಲ್ಲ ಎಂದು ನಿನಗೆ ಅನ್ನಿಸಬಹುದು. ನನ್ನ ಮಗಳು ಬೆಳಿಗ್ಗೆ ಮೊಬೈಲ್ ನೋಡಿ ಅದರ ಕಥೆಯನ್ನು ಓದಿ ಹೇಳಿದಳು. ವಾಷಿಂಗ್ಟನ್ ರಾಜ್ಯದ ಸ್ಪೊಕೇನ್ ಊರಿನ ಸೊನೋರಾ ಸ್ಮಾರ್ಟ್ ಡಾಡ್ ಎಂಬ ಹೆಣ್ಣುಮಗಳು 1910ರಲ್ಲಿ ಇದನ್ನು ಶುರು ಮಾಡಿದ್ದು. ಅವಳ ತಾಯಿ ಹೆರಿಗೆಯಲ್ಲಿ ತೀರಿಕೊಂಡ ಮೇಲೆ ತಂದೆಯೇ ಆರು ಮಕ್ಕಳನ್ನು ಸಾಕಿದನಂತೆ. ಅವಳು ಕೇಳಿದ್ದು ಜೂನ್ 5, ತನ್ನ ತಂದೆಯ ಹುಟ್ಟುಹಬ್ಬದ ದಿನ. ಚರ್ಚಿನ ಪಾದ್ರಿಗಳಿಗೆ ತಯಾರಿಗೆ ಸಮಯ ಸಾಲದೆ ಮೂರನೆಯ ಭಾನುವಾರಕ್ಕೆ ದೂಡಿದರು. ಅಮೆರಿಕದಲ್ಲಿ ಕಾನೂನಾದದ್ದು 1972ರಲ್ಲಿ. ಅಂದರೆ ಆ ಭಾನುವಾರ ಅವರ ಅನುಕೂಲಕ್ಕೆ ಹುಟ್ಟಿದ್ದೇ ಹೊರತು ಪಂಚಾಂಗದಿಂದ ಬಂದದ್ದಲ್ಲ. ಪಾದ್ರಿಗಳು ದೂಡಿದ್ದನ್ನು ನಾವೂ ಆರು ತಿಂಗಳು ದೂಡಿದರೆ ಯಾವ ದೋಷವೂ ಇಲ್ಲ. ಹಾಗೆ ನೋಡಿದರೆ ಅಪ್ಪಯ್ಯನಿಗೆ 75 ತುಂಬುವುದೇ ಕಾರ್ತಿಕದಲ್ಲಿ!

ಆದ್ದರಿಂದ ಡಿಸೆಂಬರ್ ಕೊನೆಯ ವಾರ ಬಾ. ಮಕ್ಕಳಿಗೆ ಅಲ್ಲಿ ಕ್ರಿಸ್‌ಮಸ್ ರಜೆ ಇದ್ದೇ ಇರುತ್ತದೆ. ಇಲ್ಲಿ ಆಗ ಧನುರ್ಮಾಸ, ಮದುವೆ ಮುಹೂರ್ತಗಳಿಲ್ಲ, ಅಡುಗೆ ಭಟ್ಟರು ಕೈ ಖಾಲಿ ಇರುತ್ತಾರೆ. ದೊಡ್ಡ ಪಾತ್ರೆಗಳೂ ಕೇಳಿದ ದಿನ ಸಿಗುತ್ತವೆ. ಅಂಗಳದ ತುಂಬ ಅಡಿಕೆ ಹರವಿರುತ್ತದೆ, ಹಾಗಾಗಿ ನಿನ್ನ ಹಿತ್ತಲೇ ಗಟ್ಟಿ. ಹಲಸಿನ ಮರದ ಕೆಳಗೆ ಗುಡಿಸಿ, ಸಗಣಿ ಹಾಕಿ ಸಾರಿಸಿದರೆ ಮಧ್ಯಾಹ್ನ ಎರಡು ಗಂಟೆಯವರೆಗೂ ನೆರಳು. ಕೊಯ್ಲು ಮಾತ್ರ ನಡೆಯುತ್ತಿರುತ್ತದೆ. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರನ ಪಾಳಿ ನೋಡಿಕೊಂಡು ದಿನ ಇಡೋಣ, ಅವನು ಪಕ್ಕದ ಮನೆಯ ತೋಟದಲ್ಲಿರುವ ದಿನವೇ ಆಗಬೇಕು.

ಶಾಂತಿ, ಹೋಮ ಬೇಡವೇ ಎಂದು ಚಿಕ್ಕಪ್ಪ ಕೇಳಿದ್ದಾರೆ. ಚಿಕ್ಕಪ್ಪಾ, ಷಷ್ಟ್ಯಬ್ದಿ ಆಗಿದೆ, ಸಹಸ್ರ ಚಂದ್ರ ದರ್ಶನಕ್ಕೆ 80 ದಾಟಬೇಕು. ಬೆಳಿಗ್ಗೆ ದೇವರ ಪೂಜೆ ದಿನದಂತೆ ಆಗಲಿ, ಮಧ್ಯಾಹ್ನ ಊಟ. ಸಾಕು.

ಊಟದ ವಿಷಯಕ್ಕೆ ಬರುತ್ತೇನೆ. ಬಫೆ ಬೇಡವೇ ಬೇಡ. ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವುದನ್ನು ಕಂಡರೆ ಅಪ್ಪಯ್ಯನಿಗೆ ಆಗದು, ನೆಂಟರನ್ನು ಕರೆದು ಅವರ ಕೈಯಲ್ಲೇ ಬಡಿಸಿಕೊಳ್ಳಿ ಎಂದ ಹಾಗಾಯಿತು ಎನ್ನುತ್ತಾನೆ. ಬಾಳೆ ಎಲೆ ನಮ್ಮ ತೋಟದ್ದೇ ಸಾಕಾಗುತ್ತದೆ, ಗಾಳಿಗೆ ಸೀಳದ ಎಲೆಗಳನ್ನು ಹಿಂದಿನ ಸಂಜೆಯೇ ಕೊಯ್ದಿಡೋಣ. ಮೊದಲ ಅನ್ನಕ್ಕೆ ಒಂದೆಲಗದ ತಂಬುಳಿ, ಅದು ಬಚ್ಚಲ ನೀರು ಹರಿಯುವಲ್ಲೇ ಬೆಳೆದಿದೆ. ಬಾಳೆದಿಂಡಿಗೆ ಮೊಸರು ಬೆರೆಸಿದ ಹಶಿ, ಬಾಳೆಕಾಯಿ ಪಲ್ಯ, ಅಟ್ಟದಲ್ಲಿ ತೂಗುಹಾಕಿದ ಮೊಗೆಕಾಯಿಯ ಹುಳಿ. ಹೋಳಿಗೆ ತಲೆಗೆ ಎರಡರಂತೆ 120, ಮಕ್ಕಳ ಪಾಲು ಬೇರೆ. ಅಪ್ಪಯ್ಯನಿಗೆ ಸಕ್ಕರೆ ಕಾಯಿಲೆ ಎಂದು ಯಾರೂ ಅಂದು ಭಾಷಣ ಮಾಡಬಾರದು, ಒಂದು ಹೋಳಿಗೆ ತಿನ್ನಲಿ.

ಮಾವಿನ ಮಿಡಿಯ ತಿಳಿಸಾರು, ಅಪ್ಪೆಹುಳಿ ಮಾತ್ರ ನಾನೇ ಮಾಡುತ್ತೇನೆ, ಭಟ್ಟರಿಗೆ ಬಿಡುವುದಿಲ್ಲ. ಡಿಸೆಂಬರಿನಲ್ಲಿ ಹೊಸ ಮಿಡಿ ಎಲ್ಲಿಂದ ಬರಬೇಕು? ಉಪ್ಪುನೀರಿನಲ್ಲಿ ಹಾಕಿಟ್ಟ ಅಪ್ಪೆಮಿಡಿಯೇ ಗತಿ. ಅದನ್ನು ತೊಳೆದು ಜಜ್ಜಿ, ಕೈಯಲ್ಲೇ ಚೆನ್ನಾಗಿ ಕಿವುಚಿ, ಗೊರಟನ್ನು ತೆಗೆದು ಧಾರಾಳ ನೀರು ಬೆರೆಸಬೇಕು. ಉಪ್ಪಿಗೆ ಅವಸರ ಮಾಡಬಾರದು, ಮಿಡಿಯಲ್ಲೇ ಬೇಕಾದಷ್ಟಿರುತ್ತದೆ. ಕೊಬ್ಬರಿ ಎಣ್ಣೆ ಕಾಯಿಸಿ ಸಾಸಿವೆ, ಇಂಗು, ನಾಲ್ಕು ಸೂಜಿಮೆಣಸು ಹಾಕಿ, ಒಗ್ಗರಣೆ ಚುಂಯ್ ಎಂದೊಡನೆ ಮುಚ್ಚಳ ಮುಚ್ಚಬೇಕು. ಕುದಿಸುವ ಕೆಲಸವಿಲ್ಲ. ಆ ಇಂಗಿನ ಘಮಕ್ಕೆ ಅಪ್ಪಯ್ಯ ಜಗಲಿಯಿಂದ ಎದ್ದು ಅಡುಗೆಮನೆಯ ಬಾಗಿಲಿಗೆ ಬರುತ್ತಾನೆ. ಎರಡು ಲೋಟ ಕುಡಿದರೆ ಮಧ್ಯಾಹ್ನದ ನಿದ್ದೆ ಖಾತ್ರಿ, ಆದ್ದರಿಂದ ಸಂಜೆಯ ಬಸ್ಸಿಗೆ ಹೋಗುವವರು ಒಂದಕ್ಕೇ ನಿಲ್ಲಿಸಿ.

ಈಗ ಮುಖ್ಯವಾದದ್ದು ಕೇಳು. ಅಪ್ಪಯ್ಯನನ್ನು ಕುರ್ಚಿಯಲ್ಲಿ ಕಟ್ಟಿ ಕೂರಿಸಬೇಡ. ಅವನ ಸಂತೋಷ ಇರುವುದು ಬಡಿಸುವುದರಲ್ಲಿ. ನೀನು ಮರೆತಿರಲಾರೆ. ಶಲ್ಯವನ್ನು ಸೊಂಟಕ್ಕೆ ಬಿಗಿದು, ತುಪ್ಪದ ಮಿಳ್ಳೆ ಹಿಡಿದು ಪಂಕ್ತಿಯಲ್ಲಿ ಬರುವಾಗ ಅವನು ಯಾರ ಮುಖವನ್ನೂ ನೋಡುವುದಿಲ್ಲ, ಎಲೆಯನ್ನು ಮಾತ್ರ ನೋಡುತ್ತಾನೆ. ಯಾರು ಪಲ್ಯ ಮುಟ್ಟಿಲ್ಲ, ಯಾರು ಅನ್ನದಡಿ ಹೋಳಿಗೆ ಮುಚ್ಚಿಟ್ಟು ಸಾಕು ಎನ್ನುತ್ತಿದ್ದಾರೆ, ಎಲ್ಲ ಗೊತ್ತಾಗುತ್ತದೆ. "ಸಾವಕಾಶ ಊಟ ಮಾಡಿ" ಎನ್ನುತ್ತಲೇ ಬೇಡವೆಂದ ಕೈಯ ಸಂದಿನಲ್ಲಿ ತುಪ್ಪ ಇಳಿಸಿರುತ್ತಾನೆ. ಆ ಕೆಲಸವನ್ನು ಅಂದು ಅವನಿಂದ ಕಿತ್ತುಕೊಂಡು ಶಾಲು ಹೊದಿಸಿದರೆ ಅದು ಸನ್ಮಾನವಲ್ಲ, ಶಿಕ್ಷೆ.

ಆದರೆ ಬೆನ್ನುನೋವು ಇದೆ, 60 ಎಲೆಗೆ ಬಗ್ಗಲಾರ. ಅದಕ್ಕೇ ನಿನ್ನ ಮೇಜಿನ ಮಾತನ್ನು ಅರ್ಧ ಒಪ್ಪುತ್ತೇನೆ. ಮೊದಲ ಪಂಕ್ತಿ ಮೇಜಿನ ಮೇಲೆ, ಮಂಡಿನೋವಿನವರೆಲ್ಲ ಅಲ್ಲೇ ಕೂರಲಿ, ಅಪ್ಪಯ್ಯ ಬಗ್ಗದೆ ತುಪ್ಪ ಬಡಿಸಲಿ. ಎರಡನೆಯ ಪಂಕ್ತಿ ನೆಲದ ಮೇಲೆ, ಚಾಪೆ ಹಾಕಿ. ಅವನ ಎಲೆ ಮಾತ್ರ ಅದೇ ಸಾಲಿನ ತುದಿಯ ಮೇಜಿನ ಮೇಲೆ, ಪಕ್ಕದಲ್ಲಿ ಅಮ್ಮ. ಅವರಿಗೆ ಮೊಮ್ಮಕ್ಕಳು ಬಡಿಸಲಿ. ಚೆಲ್ಲಿದರೆ ಚೆಲ್ಲಲಿ. ಭಾವ ಪಂಕ್ತಿಯಲ್ಲಿ ಎರಡು ಶ್ಲೋಕ ಹೇಳಲಿ, ಅದು ಬಿಟ್ಟು ಮೈಕು, ಭಾಷಣ ಏನೂ ಬೇಡ.

ಉಡುಗೊರೆ ಕೊಡಲೇಬೇಕೆಂದರೆ ಶಾಲು, ಫ್ಲೆಕ್ಸು, ಕೇಟರಿಂಗಿನ ದುಡ್ಡನ್ನೆಲ್ಲ ಸೇರಿಸಿ ಕಾರ್ಬನ್ ಫೈಬರ್ ದೋಟಿ, ಅಂದರೆ ಆ ಉದ್ದ ಕೋಲು, ಕೊಡಿಸು. ಮರ ಹತ್ತುವವರು ಸಿಗುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ, ಅದರಲ್ಲಿ ನೆಲದ ಮೇಲೆ ನಿಂತೇ ಕೊನೆ ಇಳಿಸಬಹುದು, ಔಷಧಿಯನ್ನೂ ಹೊಡೆಯಬಹುದು. ಪಕ್ಕದ ಮನೆಯವರ ದೋಟಿಯನ್ನು ಅಪ್ಪಯ್ಯ ಎರಡು ಸಲ ಸವರಿ ನೋಡಿ ಬಂದಿದ್ದಾನೆ, ಬೆಲೆ ಕೇಳಿ ಸುಮ್ಮನಾಗಿದ್ದಾನೆ. ಆದರೆ ಮಜ್ಜಿಗೆ ಬಡಿಸುವವರೆಗೂ ಅದನ್ನು ಹೊರಗೆ ತೆಗೆಯಬಾರದು, ತೆಗೆದರೆ ಊಟ ಬಿಟ್ಟು ತೋಟಕ್ಕಿಳಿಯುತ್ತಾನೆ.

ಬೆಂಗಳೂರಿನವರು ರಾತ್ರಿಯ ತಾಳಗುಪ್ಪ ರೈಲಿಗೆ ಬನ್ನಿ, ಬೆಳಿಗ್ಗೆ ಸಾಗರದಲ್ಲಿ ಇಳಿದರೆ ಜೀಪು ಕಳುಹಿಸುತ್ತೇನೆ. ಅತ್ತೇ, ನಿಮ್ಮ ಜಾಡಿಯಲ್ಲಿ ಅಪ್ಪೆಮಿಡಿ ಎಷ್ಟಿದೆ ನೋಡಿ ಹೇಳಿ, ನನ್ನದು ತಳ ಕಂಡಿದೆ. ತಮ್ಮಾ, ಟಿಕೆಟ್ ಆದ ಕೂಡಲೇ ತಿಳಿಸು, ಭಟ್ಟರಿಗೆ ದಿನ ಹೇಳಬೇಕು.