ಸಹಾಯ ಬೇಕು: ತಂಗಿಯ ರಕ್ತಹೀನತೆಗೆ ಕಾರಣವನ್ನು ಪತ್ತೆ ಮಾಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಸಮೀಪದ ಕಾಫಿ ತೋಟದಲ್ಲಿ ಕೆಲಸ ಮಾಡುವ ನನ್ನ ತಂಗಿಯ ಹಿಮೋಗ್ಲೋಬಿನ್ 9.2ಕ್ಕೆ ಇಳಿದಿದೆ, ಗರ್ಭಿಣಿಯಲ್ಲದ ಮಹಿಳೆಯರಲ್ಲಿ ಅದು ಡೆಸಿಲೀಟರಿಗೆ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎನ್ನುತ್ತಾರೆ. ಕೆಳರೆಪ್ಪೆ ಎಳೆದು ನೋಡಿದರೆ ಒಳಭಾಗ ಪೂರ್ತಿ ಬಿಳಿಚಿಕೊಂಡಿದೆ. ವೈದ್ಯರು ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟಿದ್ದಾರೆ, ಆದರೆ ಕಾರಣ ತಿಳಿಯದ ಹೊರತು ನನಗೆ ಸಮಾಧಾನವಿಲ್ಲ. ಅವಳಿಗೆ ಮುಟ್ಟಿನ ಸ್ರಾವ ಹೆಚ್ಚು. ಊಟವಾದ ಕೂಡಲೇ ಕಾಫಿ ಕುಡಿಯುವ ಅಭ್ಯಾಸವಿದೆ, ಅದು ಆಹಾರದ ಕಬ್ಬಿಣವನ್ನು ದೇಹ ಹೀರಿಕೊಳ್ಳುವುದನ್ನು ತಗ್ಗಿಸುತ್ತದೆ. ಮಳೆಗಾಲದ ಒದ್ದೆ ಮಣ್ಣಿನಲ್ಲಿ ಬರಿಗಾಲಲ್ಲಿ ಓಡಾಡುವುದರಿಂದ ಕೊಕ್ಕೆಹುಳು ಚರ್ಮದ ಮೂಲಕ ಒಳಸೇರಿ ಕರುಳಿನಲ್ಲಿ ರಕ್ತ ಹೀರುತ್ತಿರಲೂಬಹುದು. ನನಗೆ ಹೆಚ್ಚು ಅನುಮಾನವಿರುವುದು ಈ ಕೊನೆಯದರ ಮೇಲೆಯೇ. ಫೆರಿಟಿನ್ (ದೇಹದಲ್ಲಿ ಸಂಗ್ರಹವಿರುವ ಕಬ್ಬಿಣವನ್ನು ತೋರಿಸುವ ರಕ್ತಪರೀಕ್ಷೆ), ವಿಟಮಿನ್ ಬಿ12 ಮತ್ತು ಮಲಪರೀಕ್ಷೆಗಳಲ್ಲಿ ಮೊದಲು ಯಾವುದನ್ನು ಮಾಡಿಸಬೇಕು, ಇವೆಲ್ಲ ಚಿಕ್ಕಮಗಳೂರಿನಲ್ಲೇ ಆಗುತ್ತವೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.