ಮಸ್ಟ್ಯಾಂಗ್‌ಗೆ ಕಮ್ಮಿ ಖರ್ಚಿನ ಮಡ್ ಫ್ಲ್ಯಾಪ್: ಪೇಂಟ್ ಶಾಪ್‌ನವರನ್ನು ಕೇಳಿ

ಪ್ರಶ್ನೆ (ಸಕಲೇಶಪುರದ ಸದಸ್ಯರು):
ನಮಸ್ಕಾರ ಸಾರ್. ಸೆಕೆಂಡ್ ಹ್ಯಾಂಡ್‌ನಲ್ಲಿ 2017ರ ಫೋರ್ಡ್ ಮಸ್ಟ್ಯಾಂಗ್ ಜಿಟಿ ತಗೊಂಡಿದ್ದೇನೆ, ಕೆಂಪು ಬಣ್ಣ. ತೋಟದಿಂದ ಮೇನ್ ರೋಡಿಗೆ ಬರುವವರೆಗೂ ಜಲ್ಲಿ ರಸ್ತೆ. ಹಿಂದಿನ ಚಕ್ರದ ಮುಂದೆ ಬಾಡಿ ಉಬ್ಬಿಕೊಂಡಿದೆಯಲ್ಲ, ಅಲ್ಲಿ ಸೂಜಿ ಚುಚ್ಚಿದ ಹಾಗೆ ಪೇಂಟ್ ಎದ್ದಿದೆ. ಒಂದೆರಡು ಕಡೆ ತುಕ್ಕಿನ ಬಣ್ಣ ಕಾಣುತ್ತಿದೆ. ಈ ಗಾಡಿಗೆಂದೇ ಮಾಡಿದ ಫ್ಲ್ಯಾಪ್ ಅಮೆರಿಕದಿಂದ ತರಿಸೋಣ ಅಂದರೆ ಡ್ಯೂಟಿ, ಕೊರಿಯರ್ ಸೇರಿ ದುಬಾರಿ. ಆನ್‌ಲೈನ್‌ನಲ್ಲಿ ಎಲ್ಲ ಗಾಡಿಗೂ ಆಗುತ್ತದೆ ಅನ್ನುವ ನಾಲ್ಕರ ಸೆಟ್ ಅಗ್ಗಕ್ಕೆ ಇದೆ. ಹಾಕಿಸಲಾ? ಗಾಡಿ ಅಂದ ಕೆಡುತ್ತದಾ?

ಉತ್ತರ (ಬೆಂಗಳೂರಿನಲ್ಲಿ ಬಾಡಿ-ಪೇಂಟ್ ಶಾಪ್ ನಡೆಸುವವರು):
ಹಾಕಿಸಿ ಸಾರ್, ಆದರೆ ಆ ಸೆಟ್ ಬೇಡ. ಮೊದಲು ಕಲ್ಲು ಎಲ್ಲಿಂದ ಬರುತ್ತಿದೆ ನೋಡಿ. ನಿಮ್ಮ ಹಿಂದಿನ ಉಬ್ಬಿಗೆ ಹೊಡೆಯುತ್ತಿರುವುದು ಮುಂದಿನ ಚಕ್ರ. ಸ್ಟೀರಿಂಗ್ ಸ್ವಲ್ಪ ತಿರುಗಿದರೂ ಟೈರ್ ಬಾಡಿಯಿಂದ ಆಚೆ ಬರುತ್ತದೆ, ಜಲ್ಲಿ ನೇರ ಬಾಗಿಲ ಕೆಳಭಾಗಕ್ಕೂ ಹಿಂದಿನ ಉಬ್ಬಿಗೂ ಬಡಿಯುತ್ತದೆ. ಹಾಗಾಗಿ ದುಡ್ಡು, ಟೈಮು ಎರಡೂ ಮುಂದಿನ ಜೋಡಿಗೆ ಹಾಕಿ. ಹಿಂದಿನ ಫ್ಲ್ಯಾಪ್ ಬಂಪರ್‌ಗೂ ಹಿಂದೆ ಬರುವವರಿಗೂ ಒಳ್ಳೆಯದು. ಅದನ್ನು ಆಮೇಲೆ ನೋಡಿಕೊಂಡರಾಯ್ತು.

ಆ ಅಗ್ಗದ ಸೆಟ್ಟುಗಳಲ್ಲಿ ಹೆಚ್ಚಿನವು ಗಟ್ಟಿ ಪ್ಲಾಸ್ಟಿಕ್. ಇಷ್ಟು ತಗ್ಗಾದ ಗಾಡಿ ಒಂದು ಹಂಪ್ ದಾಟಿದರೆ ಸಾಕು, ತುದಿ ತಾಗಿ ಮುರಿಯುತ್ತದೆ. ಮುರಿದರೆ ಪರವಾಗಿಲ್ಲ. ಮುರಿಯದೆ ಸ್ಕ್ರೂ ಸಮೇತ ಕಿತ್ತುಕೊಂಡು ಬಂದರೆ ಫೆಂಡರ್ (ಚಕ್ರದ ಮೇಲಿನ ಬಾಡಿ ಭಾಗ) ಅಂಚೂ ಬಾಗುತ್ತದೆ. ನಿಮಗೆ ಬೇಕಿರುವುದು ಬಗ್ಗಿ ವಾಪಸ್ ನಿಲ್ಲುವ ವಸ್ತು. ಬೆಂಗಳೂರಿನ ಜೆ.ಸಿ. ರೋಡ್ ಕಡೆ ರಬ್ಬರ್ ಶೀಟ್ ಮಾರುವ ಅಂಗಡಿಗಳಿವೆ. ಅಲ್ಲಿ ಇನ್ಸರ್ಷನ್ ಶೀಟ್ ಕೇಳಿ, 3 ಎಂಎಂ. ರಬ್ಬರ್ ನಡುವೆ ಬಟ್ಟೆಯ ಪದರ ಇರುತ್ತದೆ, ಸ್ಕ್ರೂ ತೂತು ಹರಿಯುವುದಿಲ್ಲ. ಬರೀ ರಬ್ಬರ್, ಲಾರಿ ಟ್ಯೂಬ್ ಕತ್ತರಿಸಿದ್ದು ತರಬೇಡಿ. ನೂರರ ಸ್ಪೀಡಿಗೆ ಗಾಳಿಗೆ ಹಿಂದಕ್ಕೆ ಮಡಚಿಕೊಳ್ಳುತ್ತದೆ, ಹಾಕಿಯೂ ಹಾಕದ ಹಾಗೆ. ಎಚ್‌ಡಿಪಿಇ, ಅಂದರೆ ಬಗ್ಗುವ ಪ್ಲಾಸ್ಟಿಕ್ ಶೀಟ್, ಇನ್ನೂ ನೀಟಾಗಿ ಕಾಣುತ್ತದೆ, ಆದರೆ ಕಪ್ಪೇ ತಗೊಳ್ಳಿ. ಬಿಳಿ ಶೀಟ್ ಬಿಸಿಲಿಗೆ ಬೇಗ ಪೆಡಸಾಗುತ್ತದೆ.

ಪ್ರಶ್ನೆ (ಅದೇ ಸದಸ್ಯರು):
ಬಾಡಿಗೆ ಡ್ರಿಲ್ ಮಾಡಬೇಕಾ ಸಾರ್? ಅದೊಂದೇ ಭಯ.

ಉತ್ತರ:
ಯಾರಾದರೂ ಡ್ರಿಲ್ ತಗೊಂಡು ಬಂದರೆ ಗಾಡಿ ಸ್ಟಾರ್ಟ್ ಮಾಡಿ ಹೊರಟುಬಿಡಿ. ತಗಡಿಗೆ ತೂತು ಹಾಕಿದರೆ ತುಕ್ಕಿಗೆ ನೀವೇ ಬಾಗಿಲು ತೆಗೆದಂತೆ.

ಚಕ್ರದ ಒಳಗೆ ಕಪ್ಪು ಲೈನರ್ ಇದೆಯಲ್ಲ, ಅದನ್ನು ಹಿಡಿದಿರುವ ಕಂಪನಿ ಸ್ಕ್ರೂಗಳಿವೆ. ಅವೇ ಜಾಗ ಸಾಕು. ಅವನ್ನು ಬಿಚ್ಚಿ, ರಟ್ಟು ಇಟ್ಟು ಅಚ್ಚು ತೆಗೆಯಿರಿ. ಒಂದು ಕಡೆಯ ರಟ್ಟನ್ನೇ ತಿರುಗಿಸಿ ಇನ್ನೊಂದು ಕಡೆಗೆ ಬಳಸಬಹುದು. ಅಚ್ಚು ಸರಿಯಾಗುವವರೆಗೆ ಶೀಟ್ ಮುಟ್ಟಬೇಡಿ. ಹೊರಗಡೆ ಬಾಡಿಯಿಂದ ಒಂದು, ಒಂದೂವರೆ ಸೆಂಟಿಮೀಟರ್ ಆಚೆ ಬರಲಿ. ಅಂದಕ್ಕೆ ಅಂತ ಬಾಡಿಗೆ ಸಮ ಮಾಡಿ ಕತ್ತರಿಸುತ್ತಾರೆ, ಆಗ ಅಂಚಿನಿಂದ ಹಾರುವ ಕಲ್ಲು ತಡೆಯುವವರೇ ಇಲ್ಲ. ನೆಲದಿಂದ ನಾಲ್ಕು ಬೆರಳಾದರೂ ಮೇಲಿರಲಿ. ಮೂಲೆಗಳನ್ನು ಗುಂಡಗೆ ಕತ್ತರಿಸಿ.

ಈ ಗಾಡಿಯಲ್ಲಿ ಒಂದು ಸೂಕ್ಷ್ಮ ಇದೆ. 2015ರ ನಂತರದ ಮಸ್ಟ್ಯಾಂಗ್‌ಗೆ ಬಾನೆಟ್ ಮತ್ತು ಮುಂದಿನ ಫೆಂಡರ್ ಅಲ್ಯೂಮಿನಿಯಂ. ಹಿಂದಿನ ಉಬ್ಬು ಸ್ಟೀಲ್, ಅದಕ್ಕೇ ಅಲ್ಲಿ ನಿಮಗೆ ತುಕ್ಕು ಕಂಡಿದ್ದು. ಅಲ್ಯೂಮಿನಿಯಂಗೆ ಸ್ಟೇನ್‌ಲೆಸ್ ಸ್ಕ್ರೂ ನೇರ ತಾಗಿ ನಡುವೆ ನೀರು ನಿಂತರೆ ಅಲ್ಯೂಮಿನಿಯಂ ಕೊರೆದುಹೋಗುತ್ತದೆ, ಪೇಂಟ್ ಗುಳ್ಳೆ ಏಳುತ್ತದೆ. ಕಂಪನಿ ಸ್ಕ್ರೂಗಳನ್ನೇ ಬಳಸಿ. ಉದ್ದ ಸಾಲದಿದ್ದರೆ ಮಾತ್ರ ಸ್ಟೇನ್‌ಲೆಸ್, ಅದೂ ನೈಲಾನ್ ವಾಷರ್ ಹಾಕಿ. ಆ ವಾಷರ್‌ನಿಂದ ಇನ್ನೊಂದು ಲಾಭ: ಫ್ಲ್ಯಾಪಿಗೂ ಬಾಡಿಗೂ ನಡುವೆ ಎರಡು ಎಂಎಂ ಸಂದು ಬಿಡುತ್ತದೆ, ಮರಳು ಕೆಳಗೆ ಉದುರಿಹೋಗುತ್ತದೆ.

ಪೇಂಟ್ ಉಳಿಸೋಕೆ ಹಾಕಿದ ಫ್ಲ್ಯಾಪೇ ಪೇಂಟ್ ತಿಂದಿರುವ ಗಾಡಿಗಳು ನಮ್ಮ ಶಾಪಿಗೆ ಬರುತ್ತಲೇ ಇರುತ್ತವೆ. ಫ್ಲ್ಯಾಪ್ ಬಿಚ್ಚಿದರೆ ಕೆಳಗೆ ಅದರದ್ದೇ ಆಕಾರದಲ್ಲಿ ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಸವೆದು ಪ್ರೈಮರ್ (ಬಣ್ಣದ ಕೆಳಗಿನ ಪದರ) ಕಾಣುತ್ತಿರುತ್ತದೆ. ಮಧ್ಯೆ ಸಿಕ್ಕ ಧೂಳು ಗಾಡಿ ನಡುಗಿದಷ್ಟೂ ಉಜ್ಜುತ್ತದೆ. ಆದ್ದರಿಂದ ಫ್ಲ್ಯಾಪ್ ಕೂರುವ ಅಂಚಿಗೆ ಮೊದಲು ಪಿಪಿಎಫ್ (ಪೇಂಟ್ ಕಾಪಾಡುವ ಪಾರದರ್ಶಕ ಫಿಲ್ಮ್) ಪಟ್ಟಿ ಅಂಟಿಸಿ. ದೊಡ್ಡ ಶೀಟ್ ಬೇಡ, ಪಿಪಿಎಫ್ ಹಾಕುವ ಹುಡುಗರ ಹತ್ತಿರ ಕತ್ತರಿಸಿ ಉಳಿದ ತುಂಡೇ ಸಾಕಾಗುತ್ತದೆ. ಕೇಳಿದರೆ ಚಾ ದುಡ್ಡಿಗೆ ಕೊಡುತ್ತಾರೆ.

ಪ್ರಶ್ನೆ (ಮೈಸೂರಿನ ಸದಸ್ಯರು):
ನಡುವೆ ಬಾಯಿ ಹಾಕುತ್ತಿದ್ದೇನೆ. ಇಷ್ಟೆಲ್ಲ ಒದ್ದಾಡುವ ಬದಲು ಪೂರ್ತಿ ಗಾಡಿಗೆ ಪಿಪಿಎಫ್ ಮಾಡಿಸಿದರೆ ಮುಗೀತಲ್ವಾ ಅಣ್ಣಾ?

ಉತ್ತರ:
ದುಡ್ಡಿದ್ದರೆ ಮಾಡಿಸಿ, ನನ್ನದೇ ವ್ಯಾಪಾರ, ಬೇಡ ಅನ್ನಲ್ಲ! ಆದರೆ ಲೆಕ್ಕ ನೋಡಿ. ಪಿಪಿಎಫ್ ದಪ್ಪ ಸುಮಾರು 200 ಮೈಕ್ರಾನ್, ಅಂದರೆ ಒಂದು ಎಂಎಂನ ಐದನೇ ಒಂದು ಭಾಗ. ಹೆದ್ದಾರಿಯಲ್ಲಿ ಎದುರಿನಿಂದ ಹಾರಿ ಬರುವ ಸಣ್ಣ ಕಲ್ಲಿಗೆ ಅದು ಸರಿ. ಬಾನೆಟ್, ಬಂಪರ್‌ಗೆ ಫ್ಲ್ಯಾಪ್ ಏನೂ ಮಾಡಲಾರದು, ಅಲ್ಲಿ ಪಿಪಿಎಫ್ಫೇ ಬೇಕು. ಆದರೆ ದಿನಾ ಜಲ್ಲಿ ರಸ್ತೆಯಲ್ಲಿ ಟೈರ್ ಒಂದೇ ಜಾಗಕ್ಕೆ ಕಲ್ಲು ಹೊಡೆಯುತ್ತಿದ್ದರೆ ಪಿಪಿಎಫ್ ಕೂಡ ಹರಿದು ಚಿಂದಿಯಾಗುತ್ತದೆ. ಸಕಲೇಶಪುರದವರಿಗೆ ಫ್ಲ್ಯಾಪ್ ಮೊದಲು. ಆಮೇಲೆ ಹಿಂದಿನ ಉಬ್ಬಿಗಷ್ಟೇ ಪಿಪಿಎಫ್.

ಪ್ರಶ್ನೆ (ಮಿಷಿಗನ್‌ನಲ್ಲಿರುವ ಕನ್ನಡಿಗರು):
ಇಲ್ಲಿ ಚಳಿಗಾಲದಲ್ಲಿ ರೋಡಿಗೆ ಉಪ್ಪು ಸುರಿಯುತ್ತಾರೆ. ನನ್ನದು ಮಾಜ್ಡಾ ಮಿಯಾಟಾ, ಇದೂ ತಗ್ಗಾದ ಸ್ಪೋರ್ಟ್ಸ್ ಕಾರು. ಇದೇ ಐಡಿಯಾ ನಡೆಯುತ್ತಾ?

ಉತ್ತರ:
ನಡೆಯುತ್ತದೆ. ರಬ್ಬರ್ ಬದಲು ಎಚ್‌ಡಿಪಿಇ ಹಾಕಿ, ಹಿಮ ಅದಕ್ಕೆ ಅಷ್ಟು ಅಂಟುವುದಿಲ್ಲ. ಫ್ಲ್ಯಾಪ್ ಹಿಂದೆ ಉಪ್ಪುನೀರಿನ ಹಿಮ ಗಟ್ಟಿ ಕಟ್ಟಿದ್ದರೆ ಕಾಲಿನಿಂದ ಒದೆಯಬೇಡಿ, ಸ್ಕ್ರೂ ಜಾಗ ಹರಿಯುತ್ತದೆ. ಬಿಸಿನೀರಿನ ವಾಶ್ ಸಿಕ್ಕಾಗ ಪೈಪ್ ನೇರ ಆ ಸಂದಿಗೆ ಹಿಡಿಯಿರಿ. ಸಿಲಿಕೋನ್ ಹಾಕಿ ಸಂದು ಮುಚ್ಚುವವರಿದ್ದಾರೆ, ಅದು ತಪ್ಪು. ಉಪ್ಪು ಒಳಗೇ ಉಳಿದುಬಿಡುತ್ತದೆ.

ಪ್ರಶ್ನೆ (ಸಕಲೇಶಪುರದ ಸದಸ್ಯರು):
ಈಗಾಗಲೇ ಎದ್ದಿರುವ ಪೇಂಟಿಗೆ ಏನು ಮಾಡಲಿ?

ಉತ್ತರ:
ಫ್ಲ್ಯಾಪ್, ಪಿಪಿಎಫ್ ಎರಡಕ್ಕೂ ಮುಂಚೆ ಅದು ಆಗಬೇಕು. ತುಕ್ಕಿನ ಚುಕ್ಕೆಯನ್ನು ಸಣ್ಣ ಮೊನೆಯಿಂದ ಕೆರೆದು, ತುಕ್ಕು ಹರಡದಂತೆ ತಡೆಯುವ ರಸ್ಟ್ ಕನ್ವರ್ಟರ್ ಒಂದು ಹನಿ, ಪ್ರೈಮರ್ ಒಂದು ಹನಿ, ಮೇಲೆ ಬಣ್ಣ. ಕಲರ್ ಕೋಡ್ ಡ್ರೈವರ್ ಬಾಗಿಲ ಹತ್ತಿರದ ಸ್ಟಿಕರ್‌ನಲ್ಲಿ ಸಿಗುತ್ತದೆ. ಹೀಗೆ ಮುಚ್ಚಿದ್ದು ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ, ಅಷ್ಟಕ್ಕೇ ಇಡೀ ಪ್ಯಾನಲ್ ಪೇಂಟ್ ಮಾಡಿಸಲು ಹೋಗಬೇಡಿ. ಕಂಪನಿ ಪೇಂಟ್ ಉಳಿದಷ್ಟೂ ಒಳ್ಳೆಯದು, ಮುಂದೆ ಮಾರುವಾಗಲೂ.

ಫ್ಲ್ಯಾಪ್ ಕೂರಿಸಿದ ಮೇಲೆ ಗಾಡಿಯನ್ನು ಜಾಕ್‌ನಿಂದ ಇಳಿಸಿ, ನೆಲದ ಮೇಲೆ ನಿಲ್ಲಿಸಿಯೇ ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಟೈರಿಗೂ ಫ್ಲ್ಯಾಪಿಗೂ ಎರಡು ಸೆಂಟಿಮೀಟರ್ ಇರಬೇಕು. ಒಂದು ಸಲ ಊರಿಗೆ ಹೋಗಿ ಬಂದ ಮೇಲೆ ಸ್ಕ್ರೂ ಮತ್ತೆ ಬಿಗಿ ಮಾಡಿ, ಜೋರಾಗಿ ಅಲ್ಲ, ಒಳಗಿನ ಕ್ಲಿಪ್ ಸುಮ್ನೆ ತಿರುಗೋಕೆ ಶುರು ಮಾಡಿದರೆ ಕಷ್ಟ. ಆಮೇಲೆ ಹಿಂದಿನ ಜೋಡಿ ಹಾಕಿಸಿದರೆ ರಿವರ್ಸ್‌ನಲ್ಲಿ ಹುಷಾರು. ಮಾಲ್ ಪಾರ್ಕಿಂಗ್‌ನಲ್ಲಿ ಚಕ್ರ ತಡೆಯಲು ಕಾಂಕ್ರೀಟ್ ದಿಂಡು ಇರುತ್ತದಲ್ಲ, ಟೈರ್ ಫ್ಲ್ಯಾಪನ್ನು ಅದಕ್ಕೆ ಒತ್ತಿ ಹಿಡಿದರೆ ಗಾಡಿ ಮುಂದೆ ಹೋಗುವಾಗ ಕಿತ್ತೇ ಬರುತ್ತದೆ. ಒಂದು ಅಡಿ ಮೊದಲೇ ನಿಲ್ಲಿಸಿ.